ಕೂಗುಕುದ್ರು

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೇರುಬಿಡುವ ಕಾಂಡ್ಲ ಮರಗಳು ಕಿಕ್ಕಿರಿದ ಸಣ್ಣದೊಂದು ನಡುಗಡ್ಡೆಯಿದೆ. ಸುತ್ತಲಿನವರು ಅದನ್ನು ಕೂಗುಕುದ್ರು ಎನ್ನುತ್ತಾರೆ; ಕುದ್ರು ಎಂದರೆ ನಡುಗಡ್ಡೆ. ದೋಣಿಯಲ್ಲಿ ಬರುವ ಪ್ರವಾಸಿಗರು ಹೆಸರು ಕೇಳಿದೊಡನೆ ಬಾಯಿಗೆ ಕೈ ಹಿಡಿದು ಕೂಗಿ, ಮಾರ್ದನಿ ಬಾರದೆ ಪೆಚ್ಚಾಗುತ್ತಾರೆ. ಕೆಸರಿನಿಂದ ಮಾರ್ದನಿ ಎಲ್ಲಿ ಬರಬೇಕು! ಈ ಹೆಸರು ಬಂದದ್ದು ಜಟ್ಟಿ ಎಂಬ ಅಂಬಿಗನಿಂದ. ಸರಿಯಾಗಿ ಹೇಳುವುದಾದರೆ ಅವನ ಹೆಂಡತಿ ಮಂಕಾಳಿಯಿಂದ.

ಹಿಂದೆ ಒಮ್ಮೆ, ಈ ಅಳಿವೆಯ ಕಾಲುವೆಗಳನ್ನೆಲ್ಲ ಪೂರ್ತಿ ಬಲ್ಲವನು ಜಟ್ಟಿಯೊಬ್ಬನೇ ಆಗಿದ್ದ. ಸುಣ್ಣದ ಗೂಡುಗಳ ಸೌದೆಗಾಗಿ ಕುದ್ರುವಿನ ಕಾಂಡ್ಲವನ್ನು ಬುಡಸಮೇತ ಕಡಿಯಹೊರಟವರಿಗೆ ದಾರಿ ತೋರಿಸಲು ಅವನು ಒಪ್ಪಿದ್ದ. ಆ ಬೇರುಗಳು ಹೋದರೆ ಮೀನುಮರಿಗಳು ಅಡಗುವುದೆಲ್ಲಿ ಎಂದು ಮಂಕಾಳಿ ಜಗಳವಾಡಿದಳು. ಜಟ್ಟಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮರ ಕಡಿಯುವ ಹಿಂದಿನ ದಿನ ಇಬ್ಬರೂ ಮಾತು ಬಿಟ್ಟುಕೊಂಡೇ, ಕೇರಿಯ ಹೆಂಗಸರೊಂದಿಗೆ ಕುದ್ರುವಿನ ಪಕ್ಕದ ಮರಳುದಿಬ್ಬಕ್ಕೆ ಬಳಚು ಎಂಬ ಚಿಪ್ಪುಮೀನು ಆರಿಸಲು ಹೋದರು. ನೀರು ಇಳಿದಾಗ ಕಾಣುವ ಆ ದಿಬ್ಬ ನೀರು ಏರಿದಾಗ ಮುಳುಗುತ್ತದೆ. ಆದ್ದರಿಂದ ಒಬ್ಬರು ದೋಣಿಯಲ್ಲೇ ನಿಂತು ನೀರು ಕಾಯಬೇಕು, ಅದು ತಿರುಗಿತೆಂದರೆ ಕೂಗಬೇಕು, ಬುಟ್ಟಿ ಮುಟ್ಟಬಾರದು ಎಂಬುದು ಕಟ್ಟಳೆ. ಅಂದು ಕೂಗುವ ಸರದಿ ಜಟ್ಟಿಯದು. ಆದರೆ ದೋಣಿಯ ಬುಡದಲ್ಲೇ ಬಳಚು ರಾಶಿ ಬಿದ್ದಿರುವಾಗ ಕೈ ಸುಮ್ಮನಿರುತ್ತದೆಯೇ? ಒಂದು ಬುಟ್ಟಿ ತುಂಬುವಷ್ಟರಲ್ಲಿ ಕಡಲೇನೂ ಉಕ್ಕುವುದಿಲ್ಲ ಎಂದುಕೊಂಡು ಮಹಾರಾಯ ಇಳಿದೇಬಿಟ್ಟ.

ತಲೆಯೆತ್ತಿದಾಗ ದೋಣಿ ತೇಲಿಹೋಗುತ್ತಿತ್ತು. ಈಜಿ ಅದನ್ನು ಹಿಡಿದು ತಿರುಗುವಷ್ಟರಲ್ಲಿ ಮಳೆ ಕವಿದು ಏನೂ ಕಾಣದಾಯಿತು. ದಿಬ್ಬವಿದ್ದ ಕಡೆ ಹುಟ್ಟು ಇಳಿಬಿಟ್ಟರೆ ನೆಲ ಸಿಗಲಿಲ್ಲ. ಮಂಕಾಳಿಯ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದ. ಎಷ್ಟೋ ಹೊತ್ತಿನ ಮೇಲೆ ಕುದ್ರುವಿನ ಕಡೆಯಿಂದ "ಕೂ" ಎಂಬ ದನಿ ಬಂತು. ಹೋಗಿ ನೋಡಿದರೆ ಹೆಂಗಸರೆಲ್ಲ ಏರುವ ನೀರಿನಲ್ಲೇ ಕುದ್ರುವಿಗೆ ಹಾಯ್ದುಬಂದು, ಕಾಂಡ್ಲದ ಬೇರು, ಕೊಂಬೆಗಳನ್ನು ತಬ್ಬಿ ಕುಳಿತಿದ್ದರು. ಒಬ್ಬರೂ ಕಡಿಮೆಯಾಗಿರಲಿಲ್ಲ.

"ಕೂಗೂದು ನಿಮ್ಮ ಕೆಲ್ಸ ಆಗಿತ್ತು," ಎಂದಳು ಮಂಕಾಳಿ, ನಡುಗುತ್ತ. "ನಾನೇ ಕೂಗ್ಬೇಕಾಯ್ತು. ನಾಳೆ ಆಗಿದ್ರೆ ಹಿಡ್ಕಳೂಕೆ ಈ ಮರ ಇರ್ತಿತ್ತಾ?"

ಜಟ್ಟಿ ಅತ್ತುಬಿಟ್ಟ. ಅತ್ತದ್ದು ನಾಚಿಕೆಗಿಂತ ಹೆಚ್ಚಾಗಿ ನೆಮ್ಮದಿಗೆ ಎನ್ನುತ್ತಾರೆ. ಮರುದಿನ ಕೊಡಲಿ ಹೊತ್ತವರು ದಡಕ್ಕೆ ಬಂದಾಗ ಅವನು ದೋಣಿ ಕವುಚಿ, ಅದರ ಮೇಲೆ ಕುಳಿತಿದ್ದ. "ದಾರಿ ಮರ್ತೇ ಹೋಯ್ತು, ಒಡೆಯಾ," ಎಂದ. ಅವರು ತಾವೇ ಹೊರಟು, ಸೊಂಟದವರೆಗೆ ಕೆಸರಿನಲ್ಲಿ ಹೂತು, ಕೊಡಲಿಗಳನ್ನು ಅಲ್ಲೇ ಬಿಟ್ಟು ತೆವಳಿಕೊಂಡು ದಡ ಸೇರಿದರಂತೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಂದಿಗೂ ನೀರು ಇಳಿದಾಗ ಹೋದವರಿಗೆ ದಿಬ್ಬದ ಮೇಲೆ ಬಗ್ಗಿ ಬಳಚು ಆರಿಸುವ ಹೆಂಗಸರೂ, ದೋಣಿಯಲ್ಲಿ ಬರಿಗೈಯಲ್ಲಿ ನಿಂತ ಒಬ್ಬರೂ ಕಾಣುತ್ತಾರೆ. ಎಂಥ ಸೋಮಾರಿಯಪ್ಪ ಎಂದು ನೋಡಿದವರಿಗೆ ಅನ್ನಿಸುವುದುಂಟು. ಆ ಸೋಮಾರಿ "ಕೂ" ಎಂದೊಡನೆ ಎಲ್ಲರೂ ಕೆಲಸ ಬಿಟ್ಟು ಬಂದು ದೋಣಿ ಹತ್ತುತ್ತಾರೆ. ಹತ್ತಿದವರು ತಮ್ಮ ಬುಟ್ಟಿಯ ಮೊದಲ ಬೊಗಸೆಯನ್ನು ಆ ಬರಿಗೈಗೆ ಸುರಿದೇ ಕುಳಿತುಕೊಳ್ಳುತ್ತಾರೆ.