ಎಡಕ್ಕೆ ನೋಡುವ ಕೊಕ್ಕರೆ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಧ್ಯಾನಕ್ಕೆ ಕೂರುವುದಕ್ಕಿಂತ ಚೀಲ ಹೊಲಿಯುವುದೇ ಹೆಚ್ಚು. ದಪ್ಪ ಹತ್ತಿಬಟ್ಟೆಯ ಸಂತೆಚೀಲ. ಒಂದೊಂದರ ಮೇಲೂ ಒಂದು ನೀಲಿ ಕೊಕ್ಕರೆ.

ಕೊಕ್ಕರೆ ಶಿಷ್ಯ ತಿಪ್ಪೇಶನದು. ಚೌಕಟ್ಟಿಗೆ ತೆಳು ಜಾಲರಿ ಬಿಗಿದು, ಕೊಕ್ಕರೆಯ ಆಕಾರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ, ಚೀಲದ ಮೇಲಿಟ್ಟು, ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುತ್ತಿದ್ದ. ಏಳು ವರ್ಷದಿಂದ ಅದೇ ಕೆಲಸ. ಕೊಕ್ಕರೆ ಇದ್ದರೆ ಚೀಲ ಗಟ್ಟಿ ಎಂದು ಸುತ್ತಲಿನ ಸಂತೆಗಳಲ್ಲಿ ಜನ ಕಣ್ಣು ಮುಚ್ಚಿ ಕೊಂಡೊಯ್ಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತಿಪ್ಪೇಶನ ಎದೆ ಉಬ್ಬುತ್ತಿತ್ತು.

ಒಂದು ದಿನ ಬಳೆ ಮಾರುವ ರುದ್ರವ್ವ ಬಂದು, ಹಿಡಿಕೆ ಕಿತ್ತ ಚೀಲವನ್ನು ಅವನ ಮುಂದೆ ಹಾಕಿದಳು.

"ಬಸ್ಸಿಂದ ಇಳಿಯುವಾಗ ಕಿತ್ತುಬಂತು. ಬಳೆಯೆಲ್ಲ ಚೂರು. ನಿಮ್ಮ ಕೊಕ್ಕರೆ ನಂಬಿ ಹೊತ್ತಿದ್ದೆನಪ್ಪಾ."

ತಿಪ್ಪೇಶ ತಿರುಗಿಸಿ ನೋಡಿದ. ಅವನ ಕೊಕ್ಕರೆ ಬಲಕ್ಕೆ ನೋಡುತ್ತಿತ್ತು. ಇದು ಎಡಕ್ಕೆ. ಚಿತ್ರವನ್ನು ಹಾಳೆಗೆ ನಕಲು ಇಳಿಸಿದ ಯಾರೋ ಆ ಹಾಳೆಯನ್ನು ಮಗುಚಿಟ್ಟಿದ್ದರು.

"ಇದು ನಮ್ಮದಲ್ಲ ತಾಯಿ. ಯಾರೋ ಕಳ್ಳರು ಮಾಡಿದ್ದು. ಕೊಟ್ಟವರನ್ನೇ ಕೇಳು."

ಅಷ್ಟರಲ್ಲಿ ಗುರು ಮುರಿಗಯ್ಯನವರು ಬಂದು ಚೀಲ ಎತ್ತಿಕೊಂಡರು. ಹೊಲಿಗೆ ಯಂತ್ರದ ಮುಂದೆ ಕೂತರು. ಹಿಡಿಕೆಯ ತುದಿ ಮಡಿಸಿ, ಚೌಕವಾಗಿ ಹೊಲಿದು, ಮೂಲೆಯಿಂದ ಮೂಲೆಗೆ ಇನ್ನೆರಡು ಹೊಲಿಗೆ ಹಾಕಿ, ಜಗ್ಗಿ ನೋಡಿ ಅವಳ ಕೈಗಿಟ್ಟರು.

"ತಪ್ಪಾಯಿತಮ್ಮ. ಒಡೆದ ಬಳೆಗಳ ಬದಲು ಹೊಸವನ್ನು ನಾವು ತಂದುಕೊಡುತ್ತೇವೆ."

ಅವಳು ಹೋದದ್ದೇ ತಡ, ತಿಪ್ಪೇಶ ಸಿಡಿದ. "ಮಾಡದ ತಪ್ಪು ಒಪ್ಪಿಕೊಂಡಿರಲ್ಲ ಗುರುಗಳೇ!"

"ಅವಳು ಯಾರನ್ನು ನಂಬಿದ್ದಳು?"

"ಕೊಕ್ಕರೆಯನ್ನು."

"ಮತ್ತೆ? ಕೊಕ್ಕರೆ ಯಾರದು?"

ತಿಪ್ಪೇಶ ಕೈಯ ಬಣ್ಣ ಒರೆಸಿಕೊಂಡು ಎದ್ದ. "ಆ ಕಳ್ಳರನ್ನು ಹುಡುಕುತ್ತೇನೆ. ಅವರ ಚೌಕಟ್ಟು ತಂದು ನಿಮ್ಮೆದುರೇ ಮುರಿಯುತ್ತೇನೆ."

"ಹೋಗಿ ಬಾ. ಮುರಿಯುವ ಮುಂಚೆ ಅವರ ಕೆಲಸ ನೋಡು."

ಎರಡು ಸಂತೆ ಅಲೆದು, ಕೇಳಿ ಕೇಳಿ, ತಿಪ್ಪೇಶ ಒಂದು ಮನೆಯ ಮುಂದೆ ನಿಂತ. ಅಂಗಳದ ಹಗ್ಗದ ಮೇಲೆ ಎಡಕ್ಕೆ ನೋಡುವ ಕೊಕ್ಕರೆಗಳು ಸಾಲಾಗಿ ಒಣಗುತ್ತಿದ್ದವು. ಹಾಲಮ್ಮ ಎಂಬ ಹೆಂಗಸು ಬಗ್ಗಿ ಬಣ್ಣ ಎಳೆಯುತ್ತಿದ್ದಳು. ಚೌಕಟ್ಟು ಹಳೆ ಕಿಟಕಿಯದು, ಜಾಲರಿ ಹಳೆ ನೈಲಾನ್ ಸೀರೆಯದು.

ಅವಳು ಚೌಕಟ್ಟು ಎತ್ತಿದಳು. ಬೈಯಲು ಬಾಯಿ ತೆರೆದ ತಿಪ್ಪೇಶ ಹಾಗೇ ನಿಂತುಬಿಟ್ಟ. ಕೊಕ್ಕು ಸೂಜಿಯಷ್ಟು ಚೂಪು. ಏಳು ವರ್ಷದಲ್ಲಿ ಅವನಿಗೆ ಒಮ್ಮೆಯೂ ಹಾಗೆ ಬಂದಿರಲಿಲ್ಲ. ಎಷ್ಟು ಜೋಪಾನ ಮಾಡಿದರೂ ಅಂಚಿನಲ್ಲಿ ಬಣ್ಣ ಹರಡುತ್ತಿತ್ತು.

"ಇದು ಹೇಗೆ ಬಂತು?"

ಯಾರೋ ದಾರಿಹೋಕ ಎಂದುಕೊಂಡು ಅವಳು ಚೌಕಟ್ಟು ಮಗುಚಿ ತೋರಿಸಿದಳು. ನಾಲ್ಕು ಮೂಲೆಗೂ ಒಂದೊಂದು ಹುಣಸೆಬೀಜ ಅಂಟಿಸಿತ್ತು.

"ಈ ಬೀಜಗಳು ಚೌಕಟ್ಟನ್ನು ಚೂರು ಎತ್ತಿ ಹಿಡಿಯುತ್ತವೆ. ಜಾಲರಿ ಬಟ್ಟೆಗೆ ಅಂಟಿ ಕೂರಬಾರದಣ್ಣ. ಪಟ್ಟಿ ಎಳೆದಲ್ಲಿ ಮಾತ್ರ ತಾಗಬೇಕು, ಆಗಲೇ ಬಿಟ್ಟು ಏಳಬೇಕು."

"ನಾನು ಆಶ್ರಮದವನು."

ಹಾಲಮ್ಮನ ಕೈಯಿಂದ ಪಟ್ಟಿ ಜಾರಿತು. ಬಗ್ಗಿ ಅದನ್ನು ಎತ್ತಿಕೊಂಡಳು.

"ಬರೀ ಚೀಲ ಇಟ್ಟುಕೊಂಡು ಮೂರು ಸಂತೆ ಕೂತೆ. ಒಬ್ಬರೂ ತಿರುಗಿ ನೋಡಲಿಲ್ಲ. ಕೊಕ್ಕರೆ ಹಾಕಿದ ದಿನ ಮಧ್ಯಾಹ್ನಕ್ಕೇ ಖಾಲಿಯಾಯಿತು."

"ನಿನ್ನ ಹಿಡಿಕೆ ಕಿತ್ತುಬರುತ್ತದೆ."

"ಗೊತ್ತು." ಅವಳು ತಲೆ ತಗ್ಗಿಸಿದಳು. "ಎರಡೆರಡು ಸಲ ಹೊಲಿದರೂ ನಿಲ್ಲುವುದಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ."

ತಿಪ್ಪೇಶ ಬಹಳ ಹೊತ್ತು ಹಗ್ಗದ ಮೇಲಿನ ಕೊಕ್ಕರೆಗಳನ್ನೇ ನೋಡಿದ. ಆಮೇಲೆ ಚೌಕಟ್ಟನ್ನು ತಾನೇ ಹೆಗಲಿಗೆ ಏರಿಸಿಕೊಂಡ.

"ಬಾ ತಂಗಿ."

ಆಶ್ರಮಕ್ಕೆ ಬಂದ ಹಾಲಮ್ಮ ಗುರುಗಳ ಮುಂದೆ ಕೈಮುಗಿದು ನಿಂತಳು. "ಮುರಿದುಹಾಕಿ ಅಜ್ಜಾ. ತಪ್ಪು ನನ್ನದು."

ಗುರುಗಳು ತಿಪ್ಪೇಶನ ಕಡೆ ತಿರುಗಿದರು. "ಮುರಿಯುತ್ತೀಯಾ?"

"ಇಲ್ಲ ಗುರುಗಳೇ. ಹಿಡಿಕೆ ಹೊಲಿಯುವುದನ್ನು ಇವಳಿಗೆ ನಾನು ಹೇಳಿಕೊಡುತ್ತೇನೆ. ಬಣ್ಣ ಎಳೆಯುವುದನ್ನು ಇವಳು ನನಗೆ ಹೇಳಿಕೊಡಲಿ." ತಿಪ್ಪೇಶ ಹೆಗಲ ಮೇಲಿನ ಚೌಕಟ್ಟನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಆದರೆ ಒಂದು ಅನುಮಾನ. ಎರಡೂ ಕೊಕ್ಕರೆ ಸಂತೆಗೆ ಹೋದರೆ, ಅಸಲಿ ಯಾವುದು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?"

ಗುರುಗಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ಹಾಲಮ್ಮನ ಕಡೆಗೆ ಸರಿಸಿದರು.

"ತುಂಬಿಕೊಂಡು ಹೊರಲಿ. ಗೊತ್ತಾಗುತ್ತದೆ."