ಕ್ಯಾಲಿಪರಿಗೆ ಕೆಂಪು ಬಳಿದ ಗುರುಮಲ್ಲ

ಕೊಳ್ಳೇಗಾಲದ ಸೀಮೆಯಲ್ಲಿ ದೇವೀರಮ್ಮನೆಂಬ ತಾಯಿಯೂ ಗುರುಮಲ್ಲನೆಂಬ ಮಗನೂ ಇದ್ದರು. ತಾಯಿಗೆ ಬಾಯಿ ಇತ್ತು, ಮಗನಿಗೆ ಕಿವಿ ಇತ್ತು. ಕಿವಿಗೂ ಕೈಗೂ ನಡುವೆ ಇರಬೇಕಾದ ಒಂದು ವಸ್ತು ಮಾತ್ರ ಇರಲಿಲ್ಲ. ಹಾಲು ಉಕ್ಕುವುದನ್ನು ನೋಡುತ್ತಿರು ಎಂದು ಹೇಳಿ ತಾಯಿ ನೀರಿಗೆ ಹೋದರೆ, ಹಾಲು ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಚೆನ್ನಾಗಿ ಉಕ್ಕಿತು ಕಣವ್ವ!"

"ಅಯ್ಯೋ ನನ್ನ ಹಣೆಬರಹವೇ! ನಿನ್ನಂಥವನಿಗೆ ಯಾರ್ಲಾ ಹೆಣ್ಣು ಕೊಟ್ಟಾರು!"

ದೇವೀರಮ್ಮನ ತಮ್ಮ ಚನ್ನಂಜಪ್ಪನಿಗೆ ಒಬ್ಬಳೇ ಮಗಳು, ಶಿವಲೀಲೆ. ಅಕ್ಕನ ಮಗನಿಗೆ ಹೆಣ್ಣು ಕೊಡುವುದು ವಾಡಿಕೆ. ಕೊಟ್ಟರೆ ಮಗಳ ಬಾಳು ಏನಾದೀತೋ; ಕೊಡದಿದ್ದರೆ ಅಕ್ಕನ ಮುಖ ನೋಡುವುದು ಹೇಗೋ. ಈ ಇಕ್ಕಟ್ಟಿನಲ್ಲಿ ಸಿಕ್ಕಿದ ಚನ್ನಂಜಪ್ಪ ಒಂದು ಪರೀಕ್ಷೆಯನ್ನು ಹೂಡಿದ.

ಅವನು ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದ. ಕಾರಿನ ಚಕ್ರದ ಒಳಗೆ ಉಕ್ಕಿನ ತಟ್ಟೆಯೊಂದು ತಿರುಗುತ್ತದೆ, ಬ್ರೇಕ್ ತುಳಿದಾಗ ಆ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ ಒಂದುಂಟು, ಅದೇ ಕ್ಯಾಲಿಪರ್. ಅದಕ್ಕೆ ಕೆಂಪು ಬಳಿದರೆ ಚಕ್ರದ ಸಂದಿನಿಂದ ಮಿರಮಿರನೆ ಮಿನುಗುತ್ತದೆ. ಮೈಸೂರಿನಲ್ಲಿ ಯಾರದೋ ಕಾರಿನಲ್ಲಿ ಅದನ್ನು ಕಂಡಂದಿನಿಂದ ಚನ್ನಂಜಪ್ಪನಿಗೆ ಊಟ ಸೇರದು.

"ಅಕ್ಕಯ್ಯ, ನಿನ್ನ ಮಗನ ಕರಕೊಂಡು ಬಾ. ನಮ್ಮ ಅಂಗಳದಲ್ಲೇ ಮುಂದಿನ ಎರಡು ಚಕ್ರದ ಕ್ಯಾಲಿಪರಿಗೆ ಬಣ್ಣ ಬಳೀಲಿ. ಸರಿಯಾಗಿ ಬಳಿದ್ರೆ ಲೀಲಾ ಅವನಿಗೆ. ಕೆಡಿಸಿದ್ರೆ ಹುಣಸೂರಿನೋರು ಕೇಳ್ತಾವ್ರೆ, ಅವರಿಗೆ. ಆಮೇಲೆ ನನ್ನ ಬಯ್ಯಬ್ಯಾಡ."

ನೋಡಿ ನ್ಯಾಯವನ್ನು! ಒಬ್ಬ ಗಂಡಿನ ಯೋಗ್ಯತೆಯನ್ನು ಅಳೆಯಲು ಒಂದು ಗೇಣು ಕಬ್ಬಿಣವೇ ಅಳತೆಗೋಲಾಯಿತು.

ತಾಯಿಯೂ ಮಗನೂ ಬಂದರು. ಚನ್ನಂಜಪ್ಪ ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ಕೈಗಿತ್ತ.

"ಜಾಕ್ ಕೊಟ್ಟು ಎತ್ತು, ಚಕ್ರ ಬಿಚ್ಚು. ಒಳಗೆ ಕಾಣೋದಕ್ಕೆ ಕೆಂಪು ಬಳಿ."

"ಆಗಲಿ ಮಾವ."

ಎತ್ತಿದ, ಬಿಚ್ಚಿದ, ಬಗ್ಗಿ ನೋಡಿದ. ಕ್ಯಾಲಿಪರ್ ಕಂಡಿತು, ಬಳಿದ. ತಟ್ಟೆ ಕಂಡಿತು, ಬಳಿದ. ಸ್ಪ್ರಿಂಗು ಕಂಡಿತು, ಬಳಿದ. ರಬ್ಬರಿನ ಕೊಳವೆ ಕಂಡಿತು, ಬಳಿದ. ಕಾರಿನ ಅಡಿಯಲ್ಲಿ ಮಲಗಿದ್ದ ಬೆಕ್ಕಿನ ಬಾಲ ಕಂಡಿತು, ಅದಕ್ಕೂ ಬಳಿದ. ಕೆಂಪು ಬಾಲವನ್ನು ಎತ್ತಿಕೊಂಡು ಬೆಕ್ಕು ಅಡುಗೆಮನೆಗೆ ನುಗ್ಗಿದಾಗ ಚನ್ನಂಜಪ್ಪ ಹೊರಗೆ ಓಡಿಬಂದ.

"ಲೋ ಮಂಕೇ! ತಟ್ಟೆಗೆ ಬಣ್ಣ ಬಳಿದ್ರೆ ಬ್ರೇಕ್ ಹಿಡಿದಾತೇನ್ಲಾ? ನನ್ನ ಕೊಲ್ಲೋಕೆ ಬಂದಿದ್ದೀಯಾ?"

"ಕಾಣೋದಕ್ಕೆ ಬಳಿ ಅಂದ್ಯಲ್ಲ ಮಾವ! ಹೇಳಿದ್ದನ್ನೇ ಮಾಡಿದೆ."

"ಬಣ್ಣ ತಾಗಬಾರದ ಕಡೆಗೆಲ್ಲ ಪೇಪರ್ ಸುತ್ತಿ ಟೇಪ್ ಅಂಟಿಸಬೇಕು! ಬಳಿಯೋ ಜಾಗ ಒಂದನ್ನ ಮಾತ್ರ ಬಿಡಬೇಕು!"

"ಆಗಲಿ ಮಾವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಬಳಿದದ್ದನ್ನು, ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯುವಷ್ಟರಲ್ಲಿ ಚನ್ನಂಜಪ್ಪನ ಸೊಂಟ ಹಿಡಿಯಿತು. ಜಗಲಿಯ ಮೇಲೆ ಬೋರಲಾಗಿ ಬಿದ್ದವನು ಹಾಗೆಯೇ ನಿದ್ದೆಹೋದ. ದೇವೀರಮ್ಮನಿಗೆ ಕನಿಕರವಾಯಿತು.

"ಹೋಗ್ಲಾ ಮಗ, ನಿಮ್ಮ ಮಾವನ ಬೆನ್ನಿಗೆ ಒಂದಿಷ್ಟು ಎಣ್ಣೆ ಹಚ್ಚು."

ಗುರುಮಲ್ಲ ಈ ಸಲ ಎಚ್ಚರಿಕೆಯಿಂದಲೇ ನಡೆದುಕೊಂಡ. ಎಣ್ಣೆ ತಾಗಬಾರದ ಕಡೆಗೆಲ್ಲ ಪೇಪರ್ ಸುತ್ತಿದ. ಕಾಲಿಗೆ ಸುತ್ತಿದ, ಕೈಗೆ ಸುತ್ತಿದ, ಕತ್ತಿಗೆ ಸುತ್ತಿದ, ತಲೆಯನ್ನೂ ಬಿಡಲಿಲ್ಲ. ಟೇಪ್ ಅಂಟಿಸಿದ. ಬೆನ್ನೊಂದನ್ನು ಬಿಟ್ಟ. ಉಸಿರು ಕಟ್ಟಿ ಎಚ್ಚೆತ್ತ ಚನ್ನಂಜಪ್ಪ ಜಗಲಿಯಿಂದ ಉರುಳಿ ಅಂಗಳಕ್ಕೆ ಬಿದ್ದ. ಗುರುಮಲ್ಲ ಟೇಪನ್ನು ಪರ್ರನೆ ಎಳೆದ. ಮೀಸೆಯ ಅರ್ಧ ಟೇಪಿನೊಡನೆ ಬಂತು.

"ಅಯ್ಯಯ್ಯೋ! ಎಂಥ ಪೆದ್ದನ್ಲಾ ನೀನು! ಅಂಟಿದ್ದನ್ನ ಹಿಂಗೆ ಕೀಳ್ತಾರೇನ್ಲಾ? ಬಿಸಿನೀರಲ್ಲಿ ನೆನೆಸಿ ಬಿಡಿಸಬೇಕು!"

"ಆಗಲಿ ಮಾವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ದೇವೀರಮ್ಮ ಮಗನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ತಮ್ಮನ ಕಡೆಗೆ ತಿರುಗಿದಳು. "ನೀನ್ಯಾಕೆ ಅವನ್ನ ಪೆದ್ದ ಅಂತೀಯಪ್ಪ? ಬಯ್ಯೋಕೆ ಹೆತ್ತವಳು ನಾನಿಲ್ವಾ? ಪೇಪರ್ ಸುತ್ತು ಅಂದೋರು ಯಾರು, ನಾನಾ?"

ಕಿಟಕಿಯ ಹಿಂದೆ ಶಿವಲೀಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ನೋಡಿದರೆ ಬಣ್ಣದ ಡಬ್ಬಿಯ ಮುಚ್ಚಳ ಅಂಟಿಕೊಂಡಿತ್ತು. ಅಂಟಿದ್ದನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಬೇಕಲ್ಲವೇ? ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಗುರುಮಲ್ಲ ಡಬ್ಬಿಯನ್ನು ಹಂಡೆಯೊಳಗೆ ಇಳಿಬಿಟ್ಟು, ನೆನೆಯಲಿ ಎಂದು ತಿಂಡಿಗೆ ಹೋದ. ಡಬ್ಬಿ ನೆನೆಯಿತು, ಮುಚ್ಚಳ ಬಿಟ್ಟಿತು, ಬಣ್ಣ ತೇಲಿತು. ಕತ್ತಲೆಯ ಬಚ್ಚಲಿಗೆ ಚನ್ನಂಜಪ್ಪ ಸ್ನಾನಕ್ಕೆ ಹೊಕ್ಕ. ತೊಟ್ಟಿಗೆ ನೀರು ತೋಡಿಕೊಂಡು, ತಣ್ಣೀರು ಬೆರೆಸಿ, ಶಿವನಾಮ ಹೇಳುತ್ತ ತಲೆಯ ಮೇಲೆ ಹೊಯ್ದುಕೊಂಡ.

ಒಳಗೆ ಹೋದವನು ಕಪ್ಪಗಿದ್ದ, ಹೊರಗೆ ಬಂದವನು ಕೆಂಪಗಿದ್ದ!

"ಲೋ! ಲೋ! ಲೋ!" ಎಂಬುದೊಂದೇ ಮಾತು ಅವನ ಬಾಯಿಂದ ಹೊರಟಿತು. ಅಕ್ಕ, ಹೆಂಡತಿ, ಮಗಳು, ಮೂವರೂ ತಿನ್ನರ್ ಬಟ್ಟೆ ಹಿಡಿದು ಮನೆಯ ಯಜಮಾನನನ್ನು ಬಾಗಿಲು ಒರೆಸುವಂತೆ ಒರೆಸಿದರು.

"ನಿಂತು ನೋಡ್ತಾ ಇದ್ದೀಯಲ್ಲೋ! ಕೆಂಪು ಎಲ್ಲಿ ತಾಗಿದ್ರೂ ಒಣಗೋಕೆ ಮುಂಚೆ ಒರೆಸಿಬಿಡಬೇಕು! ಯಾರ ಮೇಲೇ ಇರಲಿ, ಕೇಳ್ತಾ ಕೂರಬಾರದು!"

"ಆಗಲಿ ಮಾವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಚನ್ನಂಜಪ್ಪನ ಹೆಂಡತಿ ಗೌರಾಜಮ್ಮ ಇಷ್ಟೆಲ್ಲ ಆದಮೇಲೆ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಯ ತುಂಬ ಕುಂಕುಮವಿಟ್ಟು ದೇವರ ಕೋಣೆಯಿಂದ ಹೊರಗೆ ಬಂದಳು. ಗುರುಮಲ್ಲ ಕಂಡ. ಕೆಂಪು! ಒಂದೇ ನೆಗೆತಕ್ಕೆ ಹೋಗಿ ಆ ತುಂಬು ಮುತ್ತೈದೆಯ ಕುಂಕುಮವನ್ನು ತಿನ್ನರ್ ಬಟ್ಟೆಯಿಂದ ಒರೆಸಿಯೇಬಿಟ್ಟ.

ಗೌರಾಜಮ್ಮ ಇಟ್ಟ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಚನ್ನಂಜಪ್ಪ ಒದ್ದೆ ಪಂಚೆಯಲ್ಲೇ ಧಾವಿಸಿ ಬಂದ.

"ನಾನಿನ್ನೂ ಉಸಿರಾಡ್ತಾ ಇವ್ನಿ ಕಣ್ಲಾ! ನಿನ್ನ ಕಣ್ಣಿಗೆ ಕಾಣಾಕಿಲ್ವಾ?"

"ಯಾರ ಮೇಲೇ ಇರಲಿ ಒರೆಸು ಅಂದ್ಯಲ್ಲ ಮಾವ! ಹೇಳಿದ್ದನ್ನೇ ಮಾಡಿದೆ."

ಗೌರಾಜಮ್ಮ ಮತ್ತೆ ಕುಂಕುಮವಿಟ್ಟುಕೊಂಡು ಗದರಿದಳು: "ಕೇಳಿಲ್ಲಿ! ಈ ಮನೇಲಿ ಏನನ್ನೇ ತೆಗೆ, ತೆಗೆದದ್ದು ತೆಗೆದ ಜಾಗಕ್ಕೆ ಮತ್ತೆ ಬಂದು ಸೇರಬೇಕು! ತಿಳೀತಾ?"

"ಆಗಲಿ ಅತ್ತೆ, ಇನ್ನು ಮೇಲೆ ಹಾಗೇ ಮಾಡ್ತೀನಿ."

ದೇವೀರಮ್ಮ ತಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಇನ್ನೊಂದೇ ಸಲ ಕಣಪ್ಪ. ನೀನೇ ಪಕ್ಕದಲ್ಲಿ ನಿಂತು ಮಾಡಿಸು. ಇದೂ ಕೆಟ್ಟರೆ ನಾನೇ ಹೊಸ ಡಬ್ಬಿ ತಂದಿಟ್ಟು ಊರಿಗೆ ಹೋಗ್ತೀನಿ."

ಚನ್ನಂಜಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಹೊಸ ಡಬ್ಬಿ ಬಂತು. ತಟ್ಟೆಗೆ ಪೇಪರ್ ಸುತ್ತಿಸಿದ, ಟೇಪ್ ಅಂಟಿಸಿದ. ತಂತಿಯ ಬ್ರಷ್ಷಿನಿಂದ ಕ್ಯಾಲಿಪರಿನ ತುಕ್ಕನ್ನೂ ಕೊಳೆಯನ್ನೂ ಕೆರೆಸಿದ. ಗುರುಮಲ್ಲ ಕೆರೆದದ್ದನ್ನೆಲ್ಲ ಒಂದು ಮುತ್ತುಗದ ಎಲೆಯ ಮೇಲೆ ಜೋಪಾನವಾಗಿ ಕೂಡಿಟ್ಟ. ಶುಚಿಯಾದ ಹುಡುಗನಪ್ಪಾ ಎಂದುಕೊಂಡ ಚನ್ನಂಜಪ್ಪ. ಆಮೇಲೆ ಗುರುಮಲ್ಲ ಬಣ್ಣ ಬಳಿದ. ತೆಳ್ಳಗೆ, ನುಣ್ಣಗೆ, ಅಂಚು ಮೀರದೆ! ಚನ್ನಂಜಪ್ಪನಿಗೆ ನಂಬಲಾಗಲಿಲ್ಲ. ಎದ್ದು ಓಡಿದ.

"ಅಕ್ಕಯ್ಯಾ! ಬಳಿದ ಕಣೇ! ಬಂದು ನೋಡು, ದಾಸವಾಳ ಅರಳಿದಂಗೆ ಅದೆ! ಲೀಲಾ, ನಿನ್ನ ಭಾವ ಗೆದ್ದ ಕಣವ್ವ!"

ದೇವೀರಮ್ಮನ ಕಣ್ಣು ತುಂಬಿತು. ಅಂಗಳಕ್ಕೆ ಬರುವ ಆ ಹತ್ತು ಹೆಜ್ಜೆಯಲ್ಲಿ ಅವಳು ಮಗನ ಮದುವೆಯನ್ನೇ ಮಾಡಿ ಮುಗಿಸಿದಳು. ಗೌರಾಜಮ್ಮನೂ ಸೇರಿ ಎಲ್ಲರೂ ಬಂದು ನೋಡಿದರು. ಗುರುಮಲ್ಲ ಎಲೆಯನ್ನು ಕೈಯಲ್ಲಿ ಹಿಡಿದು, ಹಸಿ ಬಣ್ಣದ ಮೇಲೆ ತುಕ್ಕನ್ನೂ ಕೊಳೆಯನ್ನೂ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದ.

"ತೆಗೆದದ್ದು ತೆಗೆದ ಜಾಗಕ್ಕೆ ಬಂದು ಸೇರ್ತು ಅತ್ತೆ! ಒಂದು ಚೂರೂ ಉಳಿಸಿಲ್ಲ!"

ಚನ್ನಂಜಪ್ಪ ತಲೆಯ ಮೇಲೆ ಕೈ ಹೊತ್ತು ಕೂಗಿದ. ಆ ಕೂಗು ಎಂಟು ಮನೆಗೆ ಕೇಳಿತು.

"ಮುಗೀತು! ಹುಣಸೂರಿನೋರಿಗೆ ಫೋನ್ ಮಾಡ್ತೀನಿ, ನಾಳೆಯೇ ಬರಲಿ! ಕೆಂಪು ಹಸಿಯಾಗಿರೋ ತನಕ ಯಾರೂ ಮುಟ್ಟಬಾರದು ಕಣ್ಲಾ! ಯಾರೇ ಕೈ ಇಕ್ಕೋಕೆ ಬಂದ್ರೂ ಬಾರಿಸಿ ಓಡಿಸಬೇಕು! ಅಷ್ಟೂ ತಿಳೀದಾ?"

"ಆಗಲಿ ಮಾವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಎರಡೂ ಕ್ಯಾಲಿಪರುಗಳನ್ನು ಬಿಚ್ಚಿ, ತೊಳೆದು, ಕೊನೆಗೆ ಚನ್ನಂಜಪ್ಪ ತಾನೇ ಹಲ್ಲು ಕಡಿಯುತ್ತ ಬಳಿದ.

ಹೇಳಿದ್ದನ್ನು ಮಾಡದವನನ್ನು ಲೋಕವು ಬಯ್ಯುತ್ತದೆ, ಒಪ್ಪತಕ್ಕ ಮಾತು. ಹೇಳಿದ್ದನ್ನೇ ಮಾಡಿದವನನ್ನೂ ಬಯ್ದರೆ ಅವನು ಎಲ್ಲಿಗೆ ಹೋಗಬೇಕು? ಹೀಗೆ ಮಾಡು ಎಂದವರು ಆ ಮನೆಯಲ್ಲಿ ಮೂರು ಜನ. ಏತಕ್ಕೆ ಎಂದು ತಿಳಿಸಿದವರು ಒಬ್ಬರಾದರೂ ಉಂಟೇ?

ಮರುದಿನ ತಾಯಿ ಮಗ ಗಂಟು ಕಟ್ಟಿಕೊಂಡು ಬಸ್ಸಿನ ಹೊತ್ತಿಗಾಗಿ ಜಗಲಿಯಲ್ಲಿ ಕೂತಿದ್ದರು. ಸಂಜೆಗೆ ಬರಬೇಕಾದ ಹುಣಸೂರಿನವರು ಮಧ್ಯಾಹ್ನವೇ ಬಂದಿಳಿದರು. ಶಿವಲೀಲೆಯ ಅಂಗೈಗೆ ಆಗತಾನೆ ಮದರಂಗಿ ಹಚ್ಚಿದ್ದರು, ಅಂಚಿನಲ್ಲಿ ಕೆಂಪು ಬಿಡತೊಡಗಿತ್ತು. ಹಾಗೆಯೇ ಕರೆತಂದು ಚಾಪೆಯ ಮೇಲೆ ಕೂರಿಸಿದರು. ಗಂಡಿನ ತಾಯಿ ಮುಂದಕ್ಕೆ ಬಾಗಿದಳು.

"ಕೈ ಕೊಡು ತಾಯಿ. ಮುದ್ದೆ ತಿರುವೋ ಕೈ ಹೌದೋ ಅಲ್ವೋ, ಒತ್ತಿ ನೋಡ್ತೀನಿ."

"ಮುಟ್ಟಬ್ಯಾಡಿ!"

ಜಗಲಿಯಿಂದ ಗುರುಮಲ್ಲ ಪೊರಕೆ ಹಿಡಿದು ನುಗ್ಗಿದ. "ಕೆಂಪು ಇನ್ನೂ ಹಸಿಯಾಗೇ ಅದೆ! ಒಣಗೋ ತನಕ ಯಾರೂ ಮುಟ್ಟಬಾರದು!" ಗಂಡಿನ ತಾಯಿಯ ಕೈಗೊಂದು ಬಾರಿಸಿದ. ಬಿಡಿಸಲು ಬಂದ ಗಂಡಿಗೆರಡು ಬಾರಿಸಿದ. ಸಮಾಧಾನ ಹೇಳಬಂದ ಹಿರಿಯರ ಪೇಟ ಹಾರಿತು.

"ಹೆಣ್ಣು ತೋರಿಸೋಕೆ ಕರೆದ್ರೋ, ಪೊರಕೆ ಸೇವೆಗೆ ಕರೆದ್ರೋ? ಥೂ, ನಿಮ್ಮ ಮನೆ ನೀರೂ ಬ್ಯಾಡ!" ಎಂದು ಹುಣಸೂರಿನವರು ಬಂದ ದಾರಿಯನ್ನೇ ಹಿಡಿದರು.

ಚನ್ನಂಜಪ್ಪ ತಲೆ ತಲೆ ಚಚ್ಚಿಕೊಂಡ. "ಇನ್ನು ಯಾರ್ಲಾ ಬತ್ತಾರೆ ನನ್ನ ಮಗಳ ಕೇಳ್ಕೊಂಡು? ನೀನೇ ಮದುವೆಯಾಗು! ಹೋಗು, ನೀನೇ ಆಗು!"

"ಆಗಲಿ ಮಾವ," ಎಂದ ಗುರುಮಲ್ಲ.

ಎಲ್ಲರೂ ದಂಗಾದರು. ಶಿವಲೀಲೆ ಮದರಂಗಿಯ ಕೈಗಳನ್ನು ಹಾಗೆಯೇ ಮುಂದೆ ಹಿಡಿದುಕೊಂಡು ಎದ್ದು ನಿಂತಳು.

"ನನಗೂ ಆಗಲಿ ಅಪ್ಪಯ್ಯ. ಈ ಮನೇಲಿ ಹೇಳಿದ್ದನ್ನ ಮಾಡೋನು ಭಾವ ಒಬ್ಬನೇ. ಹೇಳೋದನ್ನ ನೆಟ್ಟಗೆ ಹೇಳೋಕೆ ನಾನಿವ್ನಿ."

ಆಡಿದ ಮಾತನ್ನು ಅಕ್ಕನ ಮುಂದೆ ಹಿಂತೆಗೆದುಕೊಳ್ಳುವಂತಿಲ್ಲ. ಮದುವೆ ನಿಶ್ಚಯವಾಯಿತು.

ಮದುವೆಯ ಬೆಳಿಗ್ಗೆ ಹೂವಿನ ಸರ ಕಟ್ಟಿದ ಕಾರನ್ನು ಚಪ್ಪರದ ಮುಂದಕ್ಕೆ ತರಲು ಗುರುಮಲ್ಲನಿಗೇ ಹೇಳಿದರು. ಓಡಿಸಲು ಮಾತ್ರ ಅವನಿಗೆ ಬರುತ್ತಿತ್ತು. ಕ್ಯಾಲಿಪರ್ ಬಿಚ್ಚಿ ಜೋಡಿಸಿದ ಮೇಲೆ ಓಡಿಸದೆ ನಿಲ್ಲಿಸಿದ್ದ ಕಾರಿಗೆ ಮೊದಲ ಎರಡು ಮೂರು ತುಳಿತಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಕಾರು ಚಪ್ಪರದ ಪಕ್ಕದಲ್ಲೇ ಹಾದು, ಹೂವಿನ ಸರದ ಸಮೇತ ತಿಪ್ಪೆಗೆ ಹೊಕ್ಕಿತು.

"ಎಂಥ ಪೆದ್ದನ್ಲಾ ನೀನು! ಮದುಮಗ ಅಂತ ಇವತ್ತು ಬಿಟ್ಟಿದ್ದೀನಿ!" ಎಂದು ಚನ್ನಂಜಪ್ಪ ಕೂಗಿದ. "ಹೊರಡೋಕೆ ಮುಂಚೆ ಬಲವಾಗಿ ತುಳಿದು ನೋಡಬೇಕು! ಗಟ್ಟಿಯಾಗಿ ಹಿಡೀತೋ, ಆಗ ಹೊರಡಬೇಕು!"

"ಆಗಲಿ ಮಾವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಧಾರೆಯಾಯಿತು, ಊಟವಾಯಿತು. ಹೆಣ್ಣು ಒಪ್ಪಿಸಿಕೊಡುವ ಹೊತ್ತು ಬಂತು. ಚನ್ನಂಜಪ್ಪ ಮಗಳ ಕೈಯನ್ನು ಅಕ್ಕನ ಕೈಯಲ್ಲಿಟ್ಟು, ಅಳಿಯನ ಎದುರಿಗೆ ಬರಿಗಾಲಲ್ಲಿ ನಿಂತ.

"ಆದದ್ದೆಲ್ಲ ಆಗಿಹೋಯ್ತು ಮಗ. ನನ್ನ ಮಗಳ ಚೆನ್ನಾಗಿ ನೋಡ್ಕೊ. ಹೊತ್ತು ಮೀರ್ತಾ ಅದೆ, ಇನ್ನು ಹೊರಡು."

ಹೊರಡು ಎಂದದ್ದೇ ತಡ, ಗುರುಮಲ್ಲ ಹೊಸ ಮೆಟ್ಟಿನ ಬಲಗಾಲನ್ನು ಎತ್ತಿ, ಮಾವನ ಪಾದವನ್ನು ಬಲವಾಗಿ ತುಳಿದ.

"ಅಯ್ಯಯ್ಯಪ್ಪೋ!" ಎಂದು ಚನ್ನಂಜಪ್ಪ ಎರಡೂ ಕೈಗಳಿಂದ ಅಳಿಯನ ಕತ್ತನ್ನು ಅಮುಕಿ ಹಿಡಿದ.

ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದರೂ ಗುರುಮಲ್ಲನ ಮುಖ ಅರಳಿತು.

"ಗಟ್ಟಿಯಾಗಿ ಹಿಡೀತು ಮಾವ! ಇನ್ನು ಹೊರಡ್ತೀವಿ!"