ಹಗಲಲ್ಲಿ ನೀರು ಕುಡಿಯದ ಸೊಸೆ

ಒಂದಾನೊಂದು ಕಾಲದಲ್ಲಿ, ಮನೆಗೆ ಒಂದೇ ಬಾಗಿಲಿದ್ದ ಕಾಲ ಅಂತಿಟ್ಕೋ, ಒಂದೂರಲ್ಲಿ ಗಂಗೇಗೌಡ ಅಂತ ಒಬ್ಬ ಇದ್ದನಂತೆ. ಅವನ ಮನೆಗೆ ಹಿತ್ತಲ ಬಾಗಿಲೇ ಇರಲಿಲ್ಲವಂತೆ. ಯಾಕೆ ಅಂದ್ರೆ, ಅವನ ತಾತ ಮನೆ ಕಟ್ಟಿಸುವಾಗ, ಹಿಂದೆ ಬಾಗಿಲಿಟ್ಟರೆ ಲಕ್ಷ್ಮಿ ಆ ಕಡೆಯಿಂದ ಹೊರಟುಹೋಗ್ತಾಳೆ ಅಂತ ಗೋಡೆ ಎತ್ತಿಸಿಬಿಟ್ಟಿದ್ದನಂತೆ. ಲಕ್ಷ್ಮಿ ಒಳಗೆ ಉಳಿದಳೋ ಇಲ್ಲವೋ ನಂಗೊತ್ತಿಲ್ಲ ಮಗಾ, ಹೆಂಗಸರಂತೂ ಒಳಗೇ ಉಳಿದರು. ಇದ್ದ ಒಂದು ಬಾಗಿಲು ಬೀದಿಗೆ, ಬಾಗಿಲ ಪಕ್ಕದಲ್ಲೇ ಜಗಲಿ, ಆ ಜಗಲಿ ಮೇಲೆ ಬೆಳಗಾದ್ರೆ ಸಾಕು, ಗೌಡನೂ ಊರಿನ ಹತ್ತು ಜನ ಗಂಡಸರೂ ಎಲೆಅಡಿಕೆ ಹಾಕ್ಕೊಂಡು ಪಂಚಾಯ್ತಿ ಮಾಡ್ತಾ ಕೂತಿರ್ತಿದ್ರಂತೆ. ಅದಕ್ಕೇ ಆ ಮನೆ ಹೆಂಗಸರು ಬೆಳಕು ಹರಿಯೋ ಮುಂಚೆ ಒಂದು ಸಲ ಚೊಂಬು ಹಿಡ್ಕೊಂಡು ಬಯಲಿಗೆ ಹೋಗಿಬಂದ್ರೆ, ಮತ್ತೆ ಹೋಗೋದು ದೀಪ ಹಚ್ಚಿದ ಮೇಲೇ. ಗೌಡನಿಗೆ ಅದೇ ಒಂದು ದೊಡ್ಡ ಜಂಬ. ನಮ್ಮ ಮನೆ ಹೆಂಗಸರು ಹಗಲಲ್ಲಿ ಚೊಂಬು ಹಿಡಿದಿದ್ದನ್ನ ಕಂಡೋರಿಲ್ಲ ಅಂತ ಮೀಸೆ ತಿರುವ್ತಿದ್ದನಂತೆ. ನಗಬೇಡ, ಮಲ್ಕೊಂಡು ಕೇಳು.

ಆ ಮನೆಗೆ ತಿಮ್ಮಾಜಿ ಅನ್ನೋ ಹುಡುಗಿ ಸೊಸೆಯಾಗಿ ಬಂದಳಂತೆ. ಬಂದ ಮೊದಲನೇ ದಿನವೇ ಅತ್ತೆ ದೊಡ್ಡೀರಮ್ಮ ಪಕ್ಕಕ್ಕೆ ಕರೆದು, ನೋಡವ್ವ, ಈ ಮನೆ ನಡೆ ಹಿಂಗಿಂಗೆ, ಹಗಲಲ್ಲಿ ಹೊಸ್ತಿಲು ದಾಟಿ ಮಾವನ ಮರ್ಯಾದೆ ಕಳೀಬೇಡ ಅಂದಳಂತೆ. ತಿಮ್ಮಾಜಿ ಹೂಂ ಅಂದಳು. ಎರಡು ದಿನ ತಡೆದುಕೊಂಡಳು, ಮೂರನೇ ದಿನ ಮಧ್ಯಾಹ್ನ ಪ್ರಾಣವೇ ಹೋದಂಗಾಯ್ತು. ಮಾಡಿನ ಬೆಳಕಿಂಡಿಯಿಂದ ಒಂದು ಕೈಯಗಲ ಬಿಸಿಲು ಒಳಗೆ ಬೀಳ್ತಿತ್ತಂತೆ. ಆ ಬಿಸಿಲು ಒರಳುಕಲ್ಲು ದಾಟಬೇಕು, ರಾಗಿ ತುಂಬಿದ ಕುಕ್ಕೆ ದಾಟಬೇಕು, ಮೂಡಲ ಗೋಡೆ ಹತ್ತಬೇಕು, ಆಮೇಲೆ ತಾನೇ ಸಂಜೆ! ಅದು ಹತ್ತೋದೇ ಇಲ್ಲ. ತಿಮ್ಮಾಜಿ ಅದನ್ನೇ ನೋಡ್ತಾ ಕಾಲು ಹೊಸೆದುಕೊಂಡು ಕೂತಿದ್ದು, ಆಮೇಲೆ ಒಂದು ಉಪಾಯ ಮಾಡಿದಳಂತೆ. ಕುಡಿದರೆ ತಾನೇ ಹೋಗಬೇಕು? ಕುಡಿಯೋದನ್ನೇ ಬಿಟ್ಟರಾಯ್ತು ಅಂತ. ಅವತ್ತಿಂದ ಹಗಲಲ್ಲಿ ಒಂದು ಹನಿ ನೀರು ಮುಟ್ಟಲಿಲ್ಲ. ದಡ್ಡಿ ಅಂತೀಯಾ? ದಡ್ಡಿ ಅಲ್ಲ ಕಣೆ, ಹೆದರಿದ್ದಳು.

ಈಗ ನಮ್ಮ ಮೈಯೊಳಗೆ, ಬೆನ್ನ ಹಿಂದೆ, ಪಕ್ಕೆಲುಬಿನ ಕೆಳಗೆ, ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಅಕ್ಕತಂಗೀರು ಕೂತಿರ್ತಾರೆ. ಅವರೇ ಮೂತ್ರಪಿಂಡ. ಅವರು ಮೊದಲು ಒಂದು ಸುದ್ದಿ ಕಳಿಸಿದರಂತೆ. ತಿಮ್ಮಾಜಿ ನಾಲಗೆ ಒಣಗಿತು, ತಲೆ ಸಿಡೀತು. ಅವಳು ಉಗುಳು ನುಂಗಿಕೊಂಡು ಸುಮ್ಮನಾದಳು. ಆಮೇಲೆ ಎರಡನೇ ಸುದ್ದಿ ಕಳಿಸಿದರಂತೆ. ಸಂಜೆ ಬಯಲಿಗೆ ಹೋದರೆ ನಾಲ್ಕೇ ಹನಿ, ಬೆಂಕಿ ಸುರಿದಂಗೆ ಉರಿ. ಅಯ್ಯೋ ಇದನ್ನ ಯಾರ ಹತ್ರ ಹೇಳಲಿ ಅಂತ ಹಲ್ಲು ಕಚ್ಚಿಕೊಂಡು ಬಂದುಬಿಟ್ಟಳು. ಆಮೇಲೆ ಮೂರನೇ ಸುದ್ದಿ. ಅದು ಸುದ್ದಿಯಲ್ಲ, ಕೂಗು. ಬೆನ್ನಲ್ಲಿ ಚಳುಕು ಹೊಡೀತು, ಗಡಗಡ ನಡುಕ, ಕೆಂಡದಂಥ ಜ್ವರ. ರಾಗಿ ಬೀಸ್ತಾ ಇದ್ದವಳು ಬೀಸೋಕಲ್ಲಿನ ಪಕ್ಕದಲ್ಲೇ ಒರಗಿದಳಂತೆ.

ಅತ್ತೆ ಚಾಪೆ ಹಾಸಿ ಮಲಗಿಸಿದಳು. ತಿಮ್ಮಾಜಿ ಕಿವಿ ತನ್ನ ತೋಳಿನ ಮೇಲಿತ್ತಂತೆ, ತೋಳಿನೊಳಗಿಂದ ಲಬ್ ಡಬ್, ಲಬ್ ಡಬ್ ಅಂತ ಸದ್ದು. ಇದ್ಯಾರಪ್ಪ ಒಳಗೆ ಅಂತ ಕೇಳ್ತಾ ಕೇಳ್ತಾ ಜ್ವರದ ಮಂಪರಲ್ಲಿ ಆ ಸದ್ದಿನ ಹಿಂದೆಯೇ ಹೊರಟುಬಿಟ್ಟಳಂತೆ, ತನ್ನ ಮೈಯೊಳಗೆ ತಾನೇ.

ಹೋದರೆ ಅಲ್ಲೊಬ್ಬ ಕಪಿಲೆ ಹೊಡೆಯೋನು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಾರಲ್ಲ, ಹಂಗೆ ಅವನು ನೆತ್ತರು ಎತ್ತಿ ಎತ್ತಿ ಹಾಕ್ತಾ ಇದ್ದ. ಅವನೇ ಗುಂಡಿಗೆ. ಅವನದು ಎರಡು ಕಡೆ ಕೆಲಸ. ಬಲಗಡೆ ಮೈಯೆಲ್ಲ ಸುತ್ತಿ ಕಪ್ಪಿಟ್ಟು ಬಂದ ನೆತ್ತರು, ಎಡಗಡೆ ಕೆಂಪಗೆ ಹೊಳೆಯೋ ನೆತ್ತರು. ಒಂದು ಸಲ ನೆತ್ತರೆತ್ತಿ ಹಾಕಿದರೆ ಬಾಗಿಲು ಧಡ್ ಅಂತ ಮುಚ್ಚಿಕೊಳ್ತಿತ್ತು, ಮುಂದಕ್ಕೆ ಹೋದದ್ದು ಹಿಂದಕ್ಕೆ ಬರಂಗಿಲ್ಲ. ತಿಮ್ಮಾಜಿ ಕೇಳಿದ ಸದ್ದು ಆ ಬಾಗಿಲುಗಳದ್ದೇ. ಅಣ್ಣಾ, ಸ್ವಲ್ಪ ನಿಂತು ಮಾತಾಡು ಅಂದಳಂತೆ. ಅವನು ಬೆವರು ಒರೆಸ್ಕೊಳ್ಳದೆ, ತಾಯೀ, ನಾನು ನಿಂತರೆ ನೀನು ಎಲ್ಲಿರ್ತೀಯ, ನೀನು ಹುಟ್ಟೋಕೆ ಮುಂಚಿಂದ ಒಂದು ಗಳಿಗೆ ಕೂತೋನಲ್ಲ, ಈಗಂತೂ ಜ್ವರ ಬಂದು ಎರಡರಷ್ಟು ಓಡಿಸ್ತಾ ಇದೀಯ, ಅದೂ ಅಲ್ದೆ ನೆತ್ತರಲ್ಲಿ ನೀರೇ ಇಲ್ಲ, ನೋಡು ಹೆಂಗೆ ಗಟ್ಟಿಯಾಗಿದೆ, ನೀನು ನನ್ನ ಹತ್ರ ನಿಲ್ಲಬೇಡ, ಬೆನ್ನ ಕಡೆ ಇರೋ ಅಕ್ಕತಂಗೀರ ಹತ್ರ ಹೋಗು, ಬೇಗ ಹೋಗು ಅಂದನಂತೆ.

ಬೇಗ ಹೋಗು ಅಂದಿದ್ದಕ್ಕೆ ತಿಮ್ಮಾಜಿ ಹಿಂದೆಮುಂದೆ ನೋಡದೆ ಹೊರಟಳು. ಕಪ್ಪು ನೆತ್ತರ ಜೊತೆ ತೇಲಿಕೊಂಡು ಮೊದಲು ಶ್ವಾಸಕೋಶಕ್ಕೆ ಹೋದಳು. ಕುಲುಮೆ ತಿದಿ ಥರ ಎರಡು, ಉಬ್ಬೋದು ಇಳಿಯೋದು, ಉಬ್ಬೋದು ಇಳಿಯೋದು. ಅಲ್ಲಿ ಕೆಟ್ಟಗಾಳಿ ಕಳೆದು ಒಳ್ಳೆಗಾಳಿ ಕುಡಿದು ನೆತ್ತರು ಕೆಂಪಗಾಯ್ತು. ಅಲ್ಲಿಂದ ತಿರುಗಿ ಕಪಿಲೆಯವನ ಎಡಗಡೆಗೆ ಬಂದಳು, ಅವನು ಒಂದೇ ಎಸೆತಕ್ಕೆ ಹೆಗ್ಗಾಲುವೆಗೆ ಎಸೆದ, ಹೆಗ್ಗಾಲುವೆಯಿಂದ ಕಾಲುವೆ, ಕಾಲುವೆಯಿಂದ ಕವಲು, ಎಲ್ಲ ಸೇರಿ ಅರೆಗಳಿಗೆಯೂ ಆಗಲಿಲ್ಲವಂತೆ, ಅಕ್ಕತಂಗೀರ ಮನೆ ಮುಂದಿದ್ದಳು.

ಒಳಗೆ ನೋಡಿದರೆ ಲಕ್ಷ ಲಕ್ಷ ಸಣ್ಣ ಸಣ್ಣ ಜರಡಿ. ಬಂದ ನೆತ್ತರನ್ನ ಸೋಸೋದು, ಬೇಕಾದ ಸಿಹಿ, ಬೇಕಾದ ಉಪ್ಪು, ಬೇಕಾದಷ್ಟು ನೀರು ಆರಿಸಿ ವಾಪಸ್ಸು ಕೊಡೋದು, ಬೇಡದ ಕೊಳೆಯನ್ನ ಮಿಕ್ಕ ನೀರಲ್ಲಿ ಕಲಸಿ ಸಣ್ಣ ನಾಳದಲ್ಲಿ ಕೆಳಗಿರೋ ಚೀಲಕ್ಕೆ ಇಳಿಸೋದು. ಚೀಲ ತುಂಬಿದರೆ ಅದು ನಮಗೆ ಹೇಳಿಕಳಿಸುತ್ತೆ, ನಾವು ಎದ್ದು ಹೋಗ್ತೀವಿ. ಇಷ್ಟೇ ನೋಡು, ನಾಚಿಕೊಳ್ಳೋಕೆ ಇದರಲ್ಲೇನಿದೆ? ಆದರೆ ಆವತ್ತು ಅಕ್ಕ ಜರಡಿ ಪಕ್ಕದಲ್ಲಿ ಊದಿಕೊಂಡು ಮಲಗಿದ್ದಳಂತೆ. ತಂಗಿ ಒಬ್ಬಳೇ ಇಬ್ಬರ ಕೆಲಸ ಮಾಡ್ತಾ ಇದ್ದಳು. ಬೈತಾಳೇನೋ ಅಂತ ತಿಮ್ಮಾಜಿ ಬಾಗಿಲಲ್ಲೇ ನಿಂತಳು. ತಂಗಿ ಬೈಲಿಲ್ಲ. ತಲೆ ಎತ್ತಿ, ನೀರು ತಂದ್ಯಾ ಅಂದಳಂತೆ. ಅಷ್ಟೇ ಕೇಳಿದ್ದು.

ತಿಮ್ಮಾಜಿಗೆ ಅಳು ಬಂತು. ಇಲ್ಲವ್ವ, ನೀರು ಕುಡಿದ್ರೆ ಹೋಗ್ಬೇಕಾಗುತ್ತೆ, ಜಗಲಿ ಮೇಲೆ ಗಂಡಸರಿರ್ತಾರೆ ಅಂದಳು. ಅದಕ್ಕೆ ತಂಗಿ, ಆ ಗಂಡಸರ ಬೆನ್ನಲ್ಲೂ ನಮ್ಮಂಥೋರೇ ಇಬ್ಬರಿದ್ದಾರೆ ಕಣೆ, ಅದಕ್ಕೇ ತಾನೇ ಅವರು ಗಳಿಗೆಗೊಂದು ಸಲ ಎದ್ದು ಬೇಲಿ ಮರೆಗೆ ಹೋಗಿಬರ್ತಾರೆ, ಅವರ ಅಕ್ಕತಂಗೀರು ಸುಖವಾಗಿದ್ದಾರೆ, ನಮ್ಮನ್ನ ನೋಡು, ನೀನು ತಡೆದು ತಡೆದು ಚೀಲ ಹುಳಿತುಹೋಯ್ತು, ಅಲ್ಲಿಂದ ರೋಗ ನಾಳ ಹತ್ತಿ ನಮ್ಮಕ್ಕನ್ನ ಹಿಡೀತು, ನೀರಿಲ್ಲದೆ ನನ್ನ ಜರಡಿಯಲ್ಲಿ ಮರಳು ಕಟ್ತಾ ಇದೆ, ಆ ಬೆಳಕಿಂಡಿ ಬಿಸಿಲು ಗೋಡೆ ಹತ್ತೋದ್ರೊಳಗೆ ಮೂರು ಚೊಂಬು ನೀರು ಬರದಿದ್ರೆ ನಾನೂ ಮಲಗ್ತೀನಿ, ನಾನು ಮಲಗಿದ್ರೆ ಕಪಿಲೆಯಣ್ಣ ಕೊಳೆ ನೆತ್ತರನ್ನೇ ಸುತ್ತಿಸ್ತಾನೆ, ಆಮೇಲೆ ಅವನೂ ನಿಲ್ತಾನೆ ಅಂದಳಂತೆ.

ತಿಮ್ಮಾಜಿ ಬೆಚ್ಚಿ ಕಣ್ಣು ಬಿಟ್ಟಳು. ಬಿಸಿಲು ಆಗಲೇ ಕುಕ್ಕೆ ಹತ್ರ ಬಂದಿತ್ತು! ನೀರು ಅಂದಳು. ಅತ್ತೆ, ಈಗ ಕುಡಿದ್ರೆ ಹೋಗ್ಬೇಕಾಗ್ತದೆ ಕಣೆ, ಇನ್ನೇನು ದೀಪ ಹಚ್ಚೋ ಹೊತ್ತು, ತಡ್ಕೋ ಅಂದಳಂತೆ. ತಿಮ್ಮಾಜಿ ತೆವಳಿಕೊಂಡು ನೀರಿನ ಹರವಿ ಹತ್ರ ಹೋಗಿ ಒಂದು ಚೊಂಬು ಕುಡಿದಳು. ಒಣಗಿದ ಹೊಲಕ್ಕೆ ಹುಯ್ದಂಗೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಎರಡನೇ ಚೊಂಬಿಗೆ ವಾಂತಿ ಬಂದಂಗಾಯ್ತು, ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಇಳಿಸಿದಳು. ಮೂರನೇದು ಮುಗಿಸೋ ಹೊತ್ತಿಗೆ ಬಿಸಿಲು ಗೋಡೆ ಬುಡ ಮುಟ್ಟಿತ್ತು. ಕಾದಳು. ಬಂತಾ, ಇಲ್ಲವಾ, ಬಂತಾ, ಇಲ್ಲವಾ ಅಂತ. ಆಮೇಲೆ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಚೀಲದ ಕರೆ ಬಂತಂತೆ! ಅಯ್ಯೋ, ಯಾವ ಕರೆಗೆ ಇಷ್ಟು ದಿನ ಹೆದರಿದ್ದಳೋ ಅದೇ ಬಂದಿದ್ದಕ್ಕೆ ಕಣ್ಣೀರು ಸುರಿಸಿದಳು.

ಚೊಂಬು ತುಂಬಿಕೊಂಡು ಗೋಡೆ ಹಿಡ್ಕೊಂಡು ಬಾಗಿಲಿಗೆ ಬಂದಳು. ಅತ್ತೆ ಅಡ್ಡ ನಿಂತಳು. ಬೇಡ ಕಣೆ, ಹೊರಗೆ ಹತ್ತು ಜನ ಇದ್ದಾರೆ ಅಂದಳು. ಹೋಗ್ಲೇಬೇಕು ಅತ್ತೆ, ಇಲ್ದಿದ್ರೆ ಸತ್ತೋಗ್ತೀನಿ ಅಂದಳು ತಿಮ್ಮಾಜಿ. ದೊಡ್ಡೀರಮ್ಮ ಸೊಸೆ ಮುಖ ನೋಡಿದಳು, ಕಣ್ಣಿನ ಕೆಳಗಿನ ಬಾವು ನೋಡಿದಳು, ಆಮೇಲೆ ತನ್ನ ಕಾಲು ನೋಡಿಕೊಂಡಳಂತೆ. ಹತ್ತು ವರ್ಷದಿಂದ ಕಾಲುಂಗುರ ತೆಗೆಯೋಕಾಗದಂಗೆ ಊದಿದ್ದ ಕಾಲು. ಯಾರಿಗೂ ಹೇಳಿರಲಿಲ್ಲ. ಒಳಗೆ ಹೋಗಿ ಇನ್ನೊಂದು ಚೊಂಬು ತಂದು, ಸೊಸೆ ರಟ್ಟೆ ಹಿಡ್ಕೊಂಡು, ಇನ್ನೂ ಬಿಸಿಲಿರುವಾಗಲೇ ಹೊಸ್ತಿಲು ದಾಟಿಬಿಟ್ಟಳಂತೆ.

ಜಗಲಿ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಇದೇನೇ ಇದು, ಹತ್ತು ಜನರ ಮುಂದೆ, ಅಂತ ಗೌಡ ಎದ್ದನಂತೆ. ದೊಡ್ಡೀರಮ್ಮ ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಬೆಳಗ್ಗೆಯಿಂದ ನೀವು ಎಷ್ಟು ಸಲ ಬೇಲಿ ಮರೆಗೆ ಹೋಗಿಬಂದ್ರಿ, ನಾನು ಒಳಗಿಂದ ನೋಡಿಲ್ವಾ, ದಾರಿ ಬಿಡಿ, ಹೆಣ್ಣುಮಗು ಸಾಯ್ತಾ ಇದೆ ಅಂದಳಂತೆ. ಗೌಡ ಪಕ್ಕಕ್ಕೆ ಸರಿದ. ಹತ್ತು ಜನವೂ ಗೋಡೆ ಕಡೆ ತಿರುಗಿ ಕೂತರಂತೆ.

ಆಮೇಲೆ ಪಂಡಿತರು ಬಂದು ಮದ್ದು ಕೊಟ್ಟರು, ಹದಿನೈದು ದಿನ ಕೊಟ್ಟರು, ಬರೀ ನೀರಿಂದ ಅಂಥ ಜ್ವರ ಬಿಡಲ್ಲ. ಒಂದೊಂದು ದಿನ ಈ ಹುಡುಗಿ ಉಳೀತಾಳೋ ಇಲ್ಲವೋ ಅನ್ನಂಗಾಗ್ತಿತ್ತಂತೆ. ಆಮೇಲೆ ಬೆನ್ನ ಚಳುಕು ನಿಂತಿತು, ಮಲಗಿದ್ದ ಅಕ್ಕ ಎದ್ದು ಜರಡಿ ಹಿಡಿದಳು, ಕಪಿಲೆಯಣ್ಣ ನಿಧಾನಕ್ಕೆ ಬಂದ. ಪಂಡಿತರು ಅತ್ತೆ ಕಾಲನ್ನೂ ನೋಡಿ ಉಪ್ಪು ಕಡಿಮೆ ಮಾಡಿಸಿ ಅವಳಿಗೂ ಬೇರೆ ಮದ್ದು ಕೊಟ್ಟರು. ಪಂಚಾಯ್ತಿ ಜಗಲಿಯಿಂದ ಎದ್ದು ಊರಾಚೆ ಹುಣಸೆಮರದ ಕೆಳಗೆ ಹೋಯ್ತಂತೆ.

ಒಂದು ಮಧ್ಯಾಹ್ನ ತಿಮ್ಮಾಜಿ ಅತ್ತೆಗೆ ಲೋಟದಲ್ಲಿ ನೀರು ಕೊಟ್ಟಳು. ದೊಡ್ಡೀರಮ್ಮ ಖಾಲಿಯಾಗಿದ್ದ ಜಗಲಿ ಮೇಲೆ ಬಂದು ಕೂತು, ಬಿಸಿಲಲ್ಲಿ ಕಾಲು ಚಾಚಿ, ಅವಸರವಿಲ್ಲದೆ ಕುಡಿದಳು. ನಾನು ಈ ಮನೆಗೆ ಬಂದು ನಲವತ್ತು ವರ್ಷವಾಯ್ತು ಕಣೆ, ಹಗಲು ಹೊತ್ತಿನ ನೀರು ಇಷ್ಟು ಸಿಹಿ ಅಂತ ಗೊತ್ತೇ ಇರಲಿಲ್ಲ, ಇನ್ನೊಂದು ಲೋಟ ತಾ ಅಂದಳಂತೆ.

ಸೊಸೆ ತಂದುಕೊಟ್ಟಳು, ಅತ್ತೆ ಕುಡಿದಳು, ಅಲ್ಲಿಗೆ ಕತೆ ಮುಗೀತು.